ತಲೆಬುರುಡೆ ತಳದ ಗಡ್ಡೆ ಆಪರೇಷನ್ ಆಗಿ ಮನೆಗೆ ಬಂದ್ಮೇಲೆ: ಪದೇ ಪದೇ ಕೇಳೋ ಪ್ರಶ್ನೆಗಳು

ಮೊದ್ಲೇ ಹೇಳ್ಬಿಡ್ತೇನೆ, ನಾನು ಡಾಕ್ಟರ್ ಅಲ್ಲ. ಶಿರಸಿ ಹತ್ರ ನಮ್ಮದು ತೋಟದ ಮನೆ. 2019ರ ಮಳೆಗಾಲದಲ್ಲಿ ಅಕ್ಕಂಗೆ ಕಿವಿ ನರದ ಗಡ್ಡೆ ಅಂತ ಆಪರೇಷನ್ ಆಯ್ತು, ಆವಾಗಿಂದ ಕುಮಟಾ, ಹೊನ್ನಾವರ, ಯಲ್ಲಾಪುರ, ಎಲ್ಲೇ ಯಾರ ಮನೇಲಿ ಇಂಥಾ ಆಪರೇಷನ್ ಆದ್ರೂ ಒಬ್ರಿಂದ ಒಬ್ರಿಗೆ ನಂಬರ್ ದಾಟಿ ಕೊನೆಗೆ ನಂಗೆ ಫೋನ್ ಬರತ್ತೆ. ಕೇಳೋದು ಹೆಚ್ಚುಕಮ್ಮಿ ಅವೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿ ಬರೆದಿಟ್ಟೆ. ನಮ್ಮ ಕಡೆಯವ್ರಿಗೆ ಒಂದು ಕಷ್ಟ ಜಾಸ್ತಿ ಇದೆ ನೋಡಿ, ಆಪರೇಷನ್ ಮಂಗಳೂರಲ್ಲೋ ಮಣಿಪಾಲದಲ್ಲೋ ಹುಬ್ಬಳ್ಳೀಲೋ ಬೆಂಗಳೂರಲ್ಲೋ ಆಗತ್ತೆ, ಡಿಸ್ಚಾರ್ಜ್ ಮಾಡಿ ಕಳಿಸ್ತಾರೆ, ಆದ್ರೆ ಕೆಲವು ತೊಂದ್ರೆ ಶುರು ಆಗೋದೇ ಮನೆಗೆ ಬಂದ ಒಂದೆರಡು ವಾರದಲ್ಲಿ. ಆಗ ಆ ಡಾಕ್ಟರು ಘಟ್ಟದ ಆಚೆ, ನಾವು ಈಚೆ.

ಈ ಸ್ಕಲ್ ಬೇಸ್ ಅಂದ್ರೆ ತಲೇಲಿ ಎಲ್ಲಿ ಬರತ್ತೆ? ಬ್ರೇನ್ ಟ್ಯೂಮರ್ರೇ ಅಲ್ವಾ?

ಮಿದುಳು ಕೂತಿರೋ ನೆಲ ಅಂದ್ಕೊಳ್ಳಿ. ಕಣ್ಣಿನ ಹಿಂದೆ, ಮೂಗಿನ ಮೇಲೆ, ಕಿವಿ ಒಳಗೆ, ಕುತ್ತಿಗೆ ಮೇಲೆ, ಅಷ್ಟೂ ಸೇರಿ ತಳ. ಮಿದುಳಿಂದ ಹೊರಡೋ 12 ಜೊತೆ ನರಗಳು, ದೊಡ್ಡ ರಕ್ತನಾಳಗಳು ಎಲ್ಲಾ ಈ ನೆಲದ ತೂತುಗಳಲ್ಲೇ ದಾಟೋದು. ಇಲ್ಲಿ ಬರೋ ಗಡ್ಡೆ ಬಹಳಷ್ಟು ಸಲ ಕ್ಯಾನ್ಸರ್ ಅಲ್ಲ: ಮೆನಿಂಜಿಯೋಮ (ಮಿದುಳಿನ ಹೊದಿಕೆಯ ಗಡ್ಡೆ), ಕಿವಿ ನರದ ಶ್ವಾನೋಮ (ನರದ ಹೊದಿಕೆಯ ಗಡ್ಡೆ), ಪಿಟ್ಯುಟರಿ ಅಡಿನೋಮ (ಮಿದುಳಿನ ಬುಡದಲ್ಲಿ ಹಾರ್ಮೋನ್ ಮಾಡೋ ಪಿಟ್ಯುಟರಿ ಗ್ರಂಥಿಯ ಗಡ್ಡೆ), ಹೀಗೆ. ಕ್ಯಾನ್ಸರ್ ಅಲ್ಲ ಅಂದ ತಕ್ಷಣ ಮನೆಯವ್ರು ಉಸ್ಸಪ್ಪಾ ಅಂತಾರೆ, ನಾವೂ ಅಂದಿದ್ವಿ, ಆದ್ರೆ ಇಲ್ಲಿ ಗಡ್ಡೆ ಎಂಥದ್ದು ಅನ್ನೋದಕ್ಕಿಂತ ಎಲ್ಲಿ ಕೂತಿದೆ ಅನ್ನೋದೇ ಹೆಚ್ಚು ಆಟ ಆಡಿಸತ್ತೆ. ಯಾವ ನರದ ಪಕ್ಕ ಕೆಲ್ಸ ಮಾಡಿದ್ದಾರೋ ಆ ನರದ ಕೆಲಸಕ್ಕೇ ತೊಂದ್ರೆ ಬರೋದು, ಹಾಗಾಗಿ ಒಬ್ರಿಗೆ ಆದದ್ದು ಇನ್ನೊಬ್ರಿಗೆ ಆಗ್ಲೇಬೇಕು ಅಂತಿಲ್ಲ. ಕೆಳಗಿರೋದೆಲ್ಲಾ ಓದಿ ಹೆದರ್ಕೊಂಡು ಕೂರ್ಬೇಡಿ. ನಿಮ್ಮ ಗಡ್ಡೆ ಎಲ್ಲಿತ್ತು ಅಂತ ಡಿಸ್ಚಾರ್ಜ್ ಪೇಪರ್ ತೆಗೆದು ನೋಡಿ, ಅದಕ್ಕೆ ಸಂಬಂಧಪಟ್ಟದ್ದು ಓದಿ. ಮೂಗಿನ ನೀರಿನ ವಿಷಯ ಮಾತ್ರ ಎಲ್ರೂ ಓದಿ.

ಮೂಗಿಂದ ನೀರು ಬರ್ತಾ ಇದೆ, ಥಂಡಿ ಇರಬಹುದಾ?

ಈ ಒಂದು ಪ್ರಶ್ನೆಗೇ ಇಷ್ಟೆಲ್ಲಾ ಬರೀತಾ ಇರೋದು. ಅಕ್ಕ ಮನೆಗೆ ಬಂದು ನಾಲ್ಕನೇ ದಿನ, ಅಂದ್ರೆ ಆಪರೇಷನ್ ಆಗಿ ಒಂಬತ್ತನೇ ದಿನ, ಬಗ್ಗಿ ಚಪ್ಪಲಿ ಹಾಕ್ಕೊಳ್ಳೋವಾಗ ಮೂಗಿಂದ ಟಪ್ ಟಪ್ ಅಂತ ನೀರು ಬಿತ್ತು. ಜುಲೈ ತಿಂಗಳು, ಹೊರಗೆ ಜಡಿಮಳೆ, ಮನೇಲಿ ಎಲ್ರಿಗೂ ನೆಗಡಿ. ‘ಥಂಡಿ ಆಜು, ಎಂತೂ ಇಲ್ಲೆ’ ಅಂದ್ಲು. ಆಯಿ ಕಾಳುಮೆಣಸು ಜಜ್ಜಿ ಕಷಾಯ ಮಾಡಿ ಕೊಟ್ರು. ಎರಡು ದಿನ ಹಾಗೇ ಕಳೀತು. ಗಾಯ ಇದ್ದದ್ದು ಕಿವಿ ಹಿಂದೆ, ಮೂಗು ಮುಟ್ಟೇ ಇಲ್ಲ, ಹಾಗಾಗಿ ಯಾರ ತಲೆಗೂ ಹೋಗ್ಲಿಲ್ಲ. ಕಿವಿಯ ಒಳಗಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ಕೊಳವೆ ಇದೆ ಅಂತ, ಅದ್ರಲ್ಲಿ ಮಿದುಳಿನ ನೀರು ಇಳಿದು ಮೂಗಿಗೆ ಬರತ್ತೆ ಅಂತ ನಮಗೆ ಗೊತ್ತಾದದ್ದು ಆಮೇಲೆ. ಡಿಸ್ಚಾರ್ಜ್ ಪೇಪರಲ್ಲಿ ಇಂಗ್ಲೀಷಲ್ಲಿ ಒಂದು ಸಾಲು ಇತ್ತಂತೆ, ಯಾರೂ ಬಾಯಿ ಬಿಟ್ಟು ಹೇಳಿರ್ಲಿಲ್ಲ. ಆ ಸಿಟ್ಟು ನಂಗೆ ಇನ್ನೂ ಹೋಗಿಲ್ಲ.

ಇದಕ್ಕೆ ಸಿಎಸ್ಎಫ್ ಲೀಕ್ ಅಂತಾರೆ, ಸಿಎಸ್ಎಫ್ ಅಂದ್ರೆ ಈ ಮಿದುಳಿನ ನೀರೇ. ಮಿದುಳಿನ ಸುತ್ತ ಒಟ್ಟು 150 ಎಂಎಲ್ ಹತ್ರ ನೀರು ಇರತ್ತೆ, ದಿನಕ್ಕೆ 500 ಎಂಎಲ್‌ನಷ್ಟು ಹೊಸದಾಗಿ ಹುಟ್ಟತ್ತೆ, ಹಾಗಾಗಿ ನೀರು ಖಾಲಿ ಆಗ್ತದೆ ಅನ್ನೋದು ಭಯ ಅಲ್ಲ, ನೀರು ಹೊರಗೆ ಬರೋ ದಾರೀಲಿ ಮೂಗಿನ ಕ್ರಿಮಿ ಒಳಗೆ ಹೋಗ್ತದೆ ಅನ್ನೋದೇ ಭಯ.

ನೆಗಡಿಗೂ ಇದಕ್ಕೂ ವ್ಯತ್ಯಾಸ ಹೆಂಗೆ ಅಂದ್ರೆ, ಇದು ಬಾವಿ ನೀರಿನ ಹಾಗೆ ತಿಳಿ, ಅಂಟಲ್ಲ. ಹೆಚ್ಚಾಗಿ ಒಂದೇ ಹೊಳ್ಳೆಯಿಂದ ಬರತ್ತೆ. ಬಗ್ಗಿದ್ರೆ, ತಿಣುಕಿದ್ರೆ ಜಾಸ್ತಿ. ಮಲಗಿದಾಗ ಗಂಟಲಿಗೆ ಇಳಿದು ಉಪ್ಪುಪ್ಪು ರುಚಿ. ಕರ್ಚೀಫಿಗೆ ಬಿದ್ದು ಒಣಗಿದ್ರೆ ಸಿಂಬಳದ ಹಾಗೆ ಬಟ್ಟೆ ಗಟ್ಟಿ ಆಗಲ್ಲ. ಇದ್ಯಾವುದೂ ಕೋರ್ಟಲ್ಲಿ ನಿಲ್ಲೋ ಸಾಕ್ಷಿ ಅಲ್ಲ, ನೆಗಡಿ ಮತ್ತೆ ಲೀಕ್ ಎರಡೂ ಒಟ್ಟಿಗೇ ಇರಬಹುದು, ಆದ್ರೆ ಫೋನ್ ಎತ್ತೋಕೆ ಇಷ್ಟು ಸಾಕು. ಖಾತ್ರಿ ಮಾಡೋಕೆ ಆ ನೀರನ್ನ ಸಣ್ಣ ಬಾಟಲೀಲಿ ಹಿಡಿದು ಬೀಟಾ-2 ಟ್ರಾನ್ಸ್‌ಫೆರಿನ್ ಅಂತ ಟೆಸ್ಟಿಗೆ ಕಳಿಸ್ತಾರೆ. ಶುಗರ್ ಸ್ಟ್ರಿಪ್ ಅದ್ದಿ ನೋಡಿ ಅಂತ ಯಾರೋ ಹೇಳ್ತಾರೆ, ಅದನ್ನ ನಂಬೋಕಾಗಲ್ಲ. ಗಾಯದ ಹೊಲಿಗೆಯಿಂದ ನೀರು ಜಿನುಗಿದ್ರೂ, ಹೊಲಿಗೆ ಕೆಳಗೆ ನೀರಿನ ಚೀಲದ ಹಾಗೆ ಊದಿದ್ರೂ ಇದೇ ಲೆಕ್ಕ.

ಲೀಕ್ ಅಂತ ಗೊತ್ತಾದ್ರೆ ಮತ್ತೆ ತಲೆ ಕೊಯ್ತಾರಾ?

ಎಲ್ಲರಿಗೂ ಅಲ್ಲ. ಅಕ್ಕಂಗೆ ತಲೆ ಎತ್ತರಿಸಿ ಮಲಗಿಸಿ, ಸೊಂಟದಲ್ಲಿ ಸಣ್ಣ ಟ್ಯೂಬ್ ಹಾಕಿ ನೀರು ಸ್ವಲ್ಪ ಸ್ವಲ್ಪ ತೆಗೆದ್ರು, ಐದು ದಿನ. ಒಳಗಿನ ಒತ್ತಡ ಇಳಿದ್ರೆ ತೂತು ತಾನೇ ಕೂಡ್ಕೊಳ್ಳತ್ತೆ ಅನ್ನೋ ಲೆಕ್ಕ, ಅವಳಿಗೆ ಕೂಡ್ಕೊಂಡ್ತು. ನಿಲ್ಲದೇ ಇದ್ರೆ ಮತ್ತೆ ಥಿಯೇಟರಿಗೆ ಹೋಗಿ ಹೊಟ್ಟೆಯ ಕೊಬ್ಬು, ತೊಡೆಯ ಪೊರೆ ತಗೊಂಡು ಮುಚ್ತಾರೆ. ಮೂಗಿನ ದಾರೀಲೇ ದುರ್ಬೀನು ಹಾಕಿ ಗಡ್ಡೆ ತೆಗೆದವ್ರಿಗೆ ಮೂಗಿನ ನಡುಗೋಡೆಯ ಪೊರೆಯನ್ನೇ ರಕ್ತನಾಳ ಸಮೇತ ತಿರುಗಿಸಿ ಮುಚ್ಚೋ ಪದ್ಧತಿ ಇದೆ, ಅರ್ಜೆಂಟೀನಾದ ಡಾಕ್ಟರುಗಳು 2006ರಲ್ಲಿ ಇದ್ರ ಬಗ್ಗೆ ಬರೆದದ್ದು, ಅದು ಬಂದ್ಮೇಲೆ ಮೂಗಿನ ಆಪರೇಷನ್ನಲ್ಲಿ ಲೀಕ್ ಬಹಳ ಕಮ್ಮಿ ಆಯ್ತು.

ಮನೇಲಿ ಏನೇನು ಮಾಡಬಾರದು?

ಮೂಗು ಸೀಟಬಾರದು. ಸೀನು ಬಂದ್ರೆ ಬಾಯಿ ಬಿಟ್ಟು ಸೀನಿ, ತಡೀಬೇಡಿ. ಬಗ್ಗಿ ಭಾರ ಎತ್ತಬಾರದು, ಕೊಡಪಾನ, ಅಡಿಕೆ ಹೆಡಿಗೆ, ಗ್ಯಾಸ್ ಸಿಲಿಂಡರ್ ಎಲ್ಲಾ ಡಾಕ್ಟರ್ ಹೇಳೋವರೆಗೆ ಮರೆತುಬಿಡಿ, ಸಾಮಾನ್ಯ ನಾಲ್ಕರಿಂದ ಆರು ವಾರ ಹೇಳ್ತಾರೆ. ಸಂಡಾಸಲ್ಲಿ ತಿಣುಕಬಾರದು, ಇದು ನಾಚಿಕೆ ವಿಷಯ ಅಲ್ಲ ಮಾರಾಯ್ರೆ, ನೋವಿನ ಮಾತ್ರೆಯಿಂದ ಮಲಬದ್ಧತೆ ಆಗೇ ಆಗತ್ತೆ, ಅದಕ್ಕೆ ಔಷಧಿ ಮೊದ್ಲೇ ಕೇಳಿ ತಗೊಳ್ಳಿ. ನಶ್ಯ ಏರಿಸೋ ಅಜ್ಜಂದಿರು ಮನೇಲಿದ್ರೆ ಡಬ್ಬಿ ಅಡಗಿಸಿ. ಮೂಗಿಗೆ ಎಣ್ಣೆ ಬಿಡೋದು, ನಸ್ಯ ಚಿಕಿತ್ಸೆ, ಹೊಲಿಗೆ ಮೇಲೆ ಸೊಪ್ಪಿನ ರಸ ಹಚ್ಚೋದು ಯಾವುದೂ ಬೇಡ. ಬಲೂನ್ ಊದಿದ್ರೆ ಮುಖದ ನರ ಸರಿ ಆಗತ್ತೆ ಅಂತ ಪ್ರತಿ ಊರಲ್ಲೂ ಒಬ್ರು ಹೇಳೋವ್ರು ಇರ್ತಾರೆ, ಊದಿದ ಗಾಳಿಯ ಒತ್ತಡ ಹಸಿ ಗಾಯಕ್ಕೇ ಹೋಗತ್ತೆ, ಮಾಡ್ಬೇಡಿ. ವಿಮಾನ ಕೂಡ ಕೇಳಿಯೇ ಹತ್ತಿ, ತಲೆಬುರುಡೆ ಒಳಗೆ ಸ್ವಲ್ಪ ಗಾಳಿ ಉಳಿದಿರತ್ತೆ, ಮೇಲೆ ಹೋದ ಹಾಗೆ ಅದು ಹಿಗ್ಗತ್ತೆ.

ಜ್ವರ ಬಂದ್ರೆ ಇಲ್ಲೇ ಊರ ಡಾಕ್ಟರ್ ಹತ್ರ ಇಂಜೆಕ್ಷನ್ ಹಾಕಿಸಬಹುದಾ?

ಬರೀ ಇಂಜೆಕ್ಷನ್ ಹಾಕಿಸಿ ಮನೆಗೆ ಬಂದು ಮಲಗೋದು ಬೇಡ. ಜ್ವರದ ಜೊತೆ ಜೋರು ತಲೆನೋವು, ಕುತ್ತಿಗೆ ಮುಂದೆ ಬಗ್ಗಿಸೋಕೆ ಆಗದ ಹಾಗೆ ಬಿಗಿ, ಬೆಳಕು ನೋಡೋಕಾಗದಿರೋದು, ವಾಂತಿ, ಮಂಪರು, ಮಾತು ಹಿಂದೆಮುಂದೆ ಆಗೋದು, ಇದ್ರಲ್ಲಿ ಒಂದೆರಡು ಇದ್ರೂ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಇರಬಹುದು ಅಂತಲೇ ಓಡ್ಬೇಕು. ಅದು ಗಂಟೆ ಲೆಕ್ಕದ ಕಾಯಿಲೆ. ಊರ ಡಾಕ್ಟರಿಗೆ ಮೊದಲ ಮಾತಲ್ಲೇ ‘ತಲೆ ಆಪರೇಷನ್ ಆಗಿ ಇಷ್ಟು ದಿನ ಆಯ್ತು’ ಅಂತ ಹೇಳಿ, ಮಳೆಗಾಲದಲ್ಲಿ ಅವ್ರ ಕಣ್ಣಿಗೆ ಎಲ್ಲಾ ಜ್ವರವೂ ಡೆಂಗಿ, ಇಲಿಜ್ವರದ ಹಾಗೇ ಕಾಣೋದು, ಅವ್ರ ತಪ್ಪಲ್ಲ.

ಪಿಟ್ಯುಟರಿ ಆಪರೇಷನ್ ಆಗಿದೆ, ಉಚ್ಚೆ ಸಿಕ್ಕಾಪಟ್ಟೆ ಹೋಗ್ತಿದೆ, ಬಾಯಾರಿಕೆನೂ ಜಾಸ್ತಿ. ಶುಗರ್ ಬಂತಾ?

ಶುಗರ್ ಅಲ್ದೇ ಇರಬಹುದು. ಪಿಟ್ಯುಟರಿ ಹಿಂಭಾಗದಿಂದ ಉಚ್ಚೆ ಹಿಡಿದಿಡೋ ಹಾರ್ಮೋನ್ ಬರತ್ತೆ, ಅದಕ್ಕೆ ಪೆಟ್ಟು ಬಿದ್ರೆ ದಿನಕ್ಕೆ ಮೂರು ಲೀಟರಿಗಿಂತ ಜಾಸ್ತಿ ನೀರಿನ ಹಾಗೆ ಉಚ್ಚೆ ಹೋಗತ್ತೆ. ಡಯಾಬಿಟಿಸ್ ಇನ್ಸಿಪಿಡಸ್ ಅಂತ ಹೆಸರು, ಹೆಸರಲ್ಲಿ ಡಯಾಬಿಟಿಸ್ ಇದೆ ಅಂತ ಮನೆಯವ್ರೆಲ್ಲಾ ಸಕ್ಕರೆ ಬಿಡಿಸ್ತಾರೆ, ಸಕ್ಕರೆಗೂ ಅದಕ್ಕೂ ಸಂಬಂಧ ಇಲ್ಲ. ಬಹಳ ಜನಕ್ಕೆ ಕೆಲವು ದಿನದಲ್ಲಿ ಸರಿ ಆಗತ್ತೆ, ಕೆಲವರಿಗೆ ಡೆಸ್ಮೋಪ್ರೆಸಿನ್ ಅಂತ ಮಾತ್ರೆ ಇಲ್ಲಾ ಮೂಗಿನ ಸ್ಪ್ರೇ ಬೇಕಾಗತ್ತೆ. ಒಂದು ಅಳತೆ ಇರೋ ಮಗ್ಗಿಟ್ಟು, ಎಷ್ಟು ಕುಡಿದ್ರು ಎಷ್ಟು ಹೋಯ್ತು ಅಂತ ಹಳೇ ಕ್ಯಾಲೆಂಡರ್ ಹಿಂದೆ ಬರೀತಾ ಹೋಗಿ, ಡಾಕ್ಟರಿಗೆ ಅದಕ್ಕಿಂತ ಒಳ್ಳೇ ಸುದ್ದಿ ಬೇರೆ ಇಲ್ಲ.

ಇದ್ರ ತದ್ವಿರುದ್ಧ ಇನ್ನೊಂದಿದೆ, ನನ್ನ ಲೆಕ್ಕದಲ್ಲಿ ಅದೇ ಕಳ್ಳ. ನಾಲ್ಕನೇ ದಿನದಿಂದ ಹತ್ತನೇ ದಿನದ ಒಳಗೆ, ಮನೆಗೆ ಬಂದು ಎಲ್ಲಾ ಚೆನ್ನಾಗಿದೆ ಅನ್ನೋವಾಗ, ರಕ್ತದಲ್ಲಿ ಸೋಡಿಯಂ ಇಳಿದುಬಿಡತ್ತೆ. ಇರಬೇಕಾದ್ದು 135ರಿಂದ 145. ಇಳಿದ್ರೆ ಮೊದ್ಲು ಸುಸ್ತು, ವಾಕರಿಕೆ, ತಲೆನೋವು, ಆಮೇಲೆ ಗೊಂದಲ, ಇನ್ನೂ ಇಳಿದ್ರೆ ಫಿಟ್ಸ್. ಅಂಕೋಲಾ ಕಡೆಯವ್ರೊಬ್ರ ಮನೇಲಿ ಇದೇ ಆಗಿತ್ತು. ನೋಡೋಕೆ ಬಂದವ್ರೆಲ್ಲಾ ಎಳನೀರು ತಂದು, ಸುಸ್ತಿಗೆ ಒಳ್ಳೇದು ಅಂತ ದಿನಕ್ಕೆ ನಾಲ್ಕೈದು ಕುಡಿಸಿದ್ರು. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ, ಮೇಲಿಂದ ಅಷ್ಟೂ ನೀರೇ, ಇಳಿದ ಸೋಡಿಯಂ ಇನ್ನೂ ತೆಳ್ಳಗಾಗತ್ತೆ. ಅವ್ರಿಗೆ ಬೇಕಿದ್ದದ್ದು ನೀರು ಕಮ್ಮಿ ಮಾಡೋದು. ಹಾಗಂತ ನೀವೇ ನೀರು ನಿಲ್ಲಿಸ್ಬೇಡಿ, ಮೇಲೆ ಹೇಳಿದ ಮೊದಲ ತೊಂದ್ರೆ ಇರೋವ್ರಿಗೆ ನೀರು ನಿಲ್ಲಿಸಿದ್ರೆ ಅನಾಹುತ. ಯಾವುದು ಅಂತ ಹೇಳೋದು ರಕ್ತ ಪರೀಕ್ಷೆ ಮಾತ್ರ, ಸೋಡಿಯಂ ಟೆಸ್ಟು ಶಿರಸಿ, ಕುಮಟಾ, ಕಾರವಾರ ಎಲ್ಲಾ ಕಡೆ ಆಗತ್ತೆ, ದುಬಾರಿನೂ ಅಲ್ಲ. ಏಳನೇ ದಿನದ ಹೊತ್ತಿಗೆ ಒಂದು ಸಲ ಮಾಡಿಸಬೇಕಾ ಅಂತ ಡಿಸ್ಚಾರ್ಜ್ ದಿನವೇ ಕೇಳಿ ಬರೆಸ್ಕೊಳ್ಳಿ.

ಹಂಗೇ ಹೈಡ್ರೋಕಾರ್ಟಿಸೋನ್ ಮಾತ್ರೆ ಬರೆದಿದ್ರೆ, ಸ್ಟಿರಾಯ್ಡ್ ಕೆಟ್ಟದ್ದು ಅಂತ ಯಾರೇ ಹೇಳ್ಲಿ, ಒಂದು ಹೊತ್ತೂ ತಪ್ಪಿಸ್ಬೇಡಿ. ಅದು ಶರೀರ ತಾನೇ ಮಾಡ್ಬೇಕಾಗಿದ್ದು ಮಾಡ್ತಿಲ್ಲ ಅಂತ ಹೊರಗಿಂದ ಕೊಡೋದು. ಜ್ವರ ಬಂದಾಗ ಡೋಸ್ ಎಷ್ಟು ಜಾಸ್ತಿ ಮಾಡ್ಬೇಕು ಅಂತ ಮೊದ್ಲೇ ಕೇಳಿಟ್ಟಿರಿ. ವಾಂತಿ ಆಗಿ ಮಾತ್ರೆ ನಿಲ್ತಾ ಇಲ್ಲ ಅಂದ್ರೆ ಇಂಜೆಕ್ಷನ್ನೇ ಬೇಕು, ಇಲ್ದಿದ್ರೆ ಬಿಪಿ ಪಾತಾಳಕ್ಕೆ ಇಳಿಯತ್ತೆ.

ಮುಖ ಒಂದು ಕಡೆ ಸೊಟ್ಟ ಆಗಿದೆ, ಸರಿ ಆಗತ್ತಾ?

ಕಿವಿ ನರದ ಪಕ್ಕಕ್ಕೇ ಮುಖದ ನರ ಅಂಟ್ಕೊಂಡು ಹೋಗತ್ತೆ, ಗಡ್ಡೆ ದೊಡ್ಡದಾದ್ರೆ ಅದು ರಿಬ್ಬನ್ನಿನ ಹಾಗೆ ಚಪ್ಪಟೆ ಆಗಿರತ್ತೆ. ಎಷ್ಟು ಸೊಟ್ಟ ಅನ್ನೋದಕ್ಕೆ ಹೌಸ್-ಬ್ರಾಕ್‌ಮನ್ ಅಂತ 1ರಿಂದ 6ರ ವರೆಗೆ ಅಳತೆ, 1 ಅಂದ್ರೆ ನಾರ್ಮಲ್, 6 ಅಂದ್ರೆ ಏನೂ ಅಲ್ಲಾಡಲ್ಲ. ಅಕ್ಕಂದು 4 ಇತ್ತು, ಈಗ 2. ನರ ತುಂಡಾಗಿಲ್ಲ ಅಂದ್ರೆ ಆಸೆ ಇದೆ, ಆದ್ರೆ ನರ ಬೆಳೆಯೋದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ಹಾಗಾಗಿ ತಿಂಗಳುಗಟ್ಲೆ, ಕೆಲವರಿಗೆ ವರ್ಷದ ಮೇಲೂ ಬೇಕು. ವ್ಯಾಯಾಮ ಫಿಸಿಯೋಥೆರಪಿಸ್ಟ್ ಹೇಳಿದ ಹಾಗೆ, ಕನ್ನಡಿ ಮುಂದೆ, ನಿಧಾನಕ್ಕೆ. ಜೋರು ಜೋರಾಗಿ ಮುಖ ಕಿವುಚಿದ್ರೆ ನರಗಳು ತಪ್ಪು ಜಾಗಕ್ಕೆ ಸೇರಿ, ನಕ್ಕಾಗ ಕಣ್ಣು ಮುಚ್ಚೋ ಹಾಗಾಗತ್ತೆ.

ಆದ್ರೆ ಎಲ್ರೂ ಬಾಯಿ ಸೊಟ್ಟ ಆದದ್ದಕ್ಕೆ ಅಳ್ತಾರೆ, ಕಣ್ಣು ನೋಡೋದೇ ಇಲ್ಲ. ಕಣ್ಣು ಪೂರ್ತಿ ಮುಚ್ಚದೇ ಇದ್ರೆ ಕರಿಗುಡ್ಡೆ ಒಣಗಿ ಹುಣ್ಣಾಗತ್ತೆ, ಮುಖ ಸರಿ ಆಗೋ ಹೊತ್ತಿಗೆ ಕಣ್ಣೇ ಹೋಗಿರತ್ತೆ. ಹಗಲು ಒಂದೆರಡು ಗಂಟೆಗೊಮ್ಮೆ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಟೇಪ್, ಹೊರಗೆ ಹೋದ್ರೆ ಕನ್ನಡಕ, ಅದೂ ಕಡಲ ಬದಿ ಗಾಳಿ ಮರಳಲ್ಲಿ ಕಡ್ಡಾಯ. ಮುಖ ಜೋಮು ಹಿಡಿದವ್ರು ಇನ್ನೂ ಹುಷಾರು, ಅವ್ರಿಗೆ ಕಣ್ಣಲ್ಲಿ ಕಸ ಬಿದ್ರೂ ನೋವೇ ಗೊತ್ತಾಗಲ್ಲ, ಹಾಗಾಗಿ ಮನೆಯವ್ರು ದಿನಾ ಟಾರ್ಚ್ ಬಿಟ್ಟು ಕೆಂಪಾಗಿದೆಯಾ ಮಂಜಾಗಿದೆಯಾ ನೋಡ್ಬೇಕು. ಬೇಗ ಸರಿ ಹೋಗಲ್ಲ ಅಂತ ಅನ್ನಿಸಿದ್ರೆ ರೆಪ್ಪೆಯ ಅಂಚು ಸ್ವಲ್ಪ ಹೊಲೀತಾರೆ, ಇಲ್ಲಾ ರೆಪ್ಪೆ ಒಳಗೆ ಸಣ್ಣ ಚಿನ್ನದ ತೂಕ ಇಡ್ತಾರೆ, ಭಾರಕ್ಕೆ ಮುಚ್ಚೋ ಹಾಗೆ.

ಊಟ ಮಾಡೋವಾಗ ಕೆಮ್ಮು ಬರತ್ತೆ, ದನಿನೂ ಕುಂದಿದೆ.

ಗಂಟಲಿನ ನರಗಳಿಗೆ ಏಟಾಗಿದೆ ಅಂತ. ಅನ್ನ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗೋದು ಇಲ್ಲಿಂದಲೇ. ನಮ್ಮವ್ರು ಹುಷಾರಿಲ್ಲ ಅಂದ್ರೆ ಮೊದ್ಲು ಕೊಡೋದು ತಿಳಿ ಸಾರು, ತಂಬುಳಿ, ಮಜ್ಜಿಗೆ ನೀರು, ಅಪ್ಪೆಹುಳಿ. ಇಂಥವ್ರಿಗೆ ನೀರಾಗಿರೋದೇ ಕಷ್ಟ, ಅದು ಸರ್ರಂತ ಜಾರಿ ತಪ್ಪು ದಾರಿಗೆ ಹೋಗತ್ತೆ, ಸಾಮಾನ್ಯ ಮಂದ ಇರೋದು ವಾಸಿ, ಕುಚಲಕ್ಕಿ ಗಂಜಿ ಚೆನ್ನಾಗಿ ಬೇಯಿಸಿ ಅರೆದು ಕೊಟ್ಟ ಹಾಗೆ. ಎಷ್ಟು ಮಂದ, ತಲೆ ಯಾವ ಕಡೆ ತಿರುಗಿಸಿ ನುಂಗ್ಬೇಕು ಅಂತ ಸ್ಪೀಚ್ ಥೆರಪಿಸ್ಟ್ ನೋಡಿ ಹೇಳ್ಬೇಕು. ಕೆಲವರಿಗೆ ಕೆಮ್ಮೂ ಬರದೇ ಸದ್ದಿಲ್ಲದೇ ಇಳಿಯತ್ತೆ, ಊಟ ಆದ್ಮೇಲೆ ದನಿ ಗೊರಗೊರ ಅಂದ್ರೆ ಅನುಮಾನ ಪಡಿ. ಮೂಗಿಗೆ ಟ್ಯೂಬ್ ಹಾಕಿ ಕಳಿಸಿದ್ರೆ, ನೋಡೋಕಾಗಲ್ಲ ಅಂತ ನೀವೇ ಕಿತ್ತು ಬಾಯಿಗೆ ಕೊಡೋದು ಬೇಡ. ಮತ್ತೆ ನೀವೇ ಹಾಕೋಕಂತೂ ಹೋಗ್ಲೇಬೇಡಿ.

ಒಂದು ಕಿವಿ ಕೇಳಲ್ಲ, ನಡೆದ್ರೆ ತೇಲಿದ ಹಾಗೆ. ತೋಟಕ್ಕೆ ಹೋಗಬಹುದಾ?

ಕಿವಿ ಹೋದದ್ದು ಹೆಚ್ಚಾಗಿ ವಾಪಸ್ ಬರಲ್ಲ, ಇದನ್ನ ನೇರ ಹೇಳೋದೇ ಒಳ್ಳೇದು. ಶಬ್ದ ಯಾವ ಕಡೆಯಿಂದ ಬಂತು ಅಂತ ಗೊತ್ತಾಗಲ್ಲ, ಹೈವೇ ದಾಟೋವಾಗ ಅದೇ ಅಪಾಯ. ಆ ಕಡೆಯ ಶಬ್ದವನ್ನ ಚೆನ್ನಾಗಿರೋ ಕಿವಿಗೆ ದಾಟಿಸೋ ಮಿಷನ್ ಇದೆ, ಇಎನ್‌ಟಿ ಹತ್ರ ಕೇಳಿ.

ತೇಲೋದು ಮಾತ್ರ ಕಮ್ಮಿ ಆಗತ್ತೆ. ಒಂದು ಕಡೆಯ ಸಮತೋಲನ ಹೋದ್ರೆ ಮಿದುಳು ಇನ್ನೊಂದು ಕಡೆ, ಕಣ್ಣು, ಕಾಲಿನ ಸ್ಪರ್ಶ ಮೂರನ್ನೂ ಸೇರಿಸಿ ಹೊಸದಾಗಿ ಕಲಿಯತ್ತೆ, ಆದ್ರೆ ಅದು ಕಲಿಯೋದು ಅಲ್ಲಾಡಿದ್ರೆ ಮಾತ್ರ. ತಲೆ ತಿರುಗತ್ತೆ ಅಂತ ತಿಂಗಳುಗಟ್ಲೆ ಮಲಗಿದ್ರೆ, ಅದಕ್ಕೆ ಮಾತ್ರೆ ನುಂಗ್ತಾ ಕೂತ್ರೆ ಕಲಿಯೋದೇ ನಿಧಾನ. ಅಕ್ಕ ಮೊದ್ಲು ಅಂಗಳದಲ್ಲಿ, ಕೈ ಹಿಡ್ಕೊಂಡು, ಆಮೇಲೆ ಕೋಲು ಹಿಡಿದು. ಕತ್ತಲೇಲಿ ಕಣ್ಣಿನ ಸಹಾಯ ಇರಲ್ಲ, ಮೆತ್ತನೆ ಮರಳಲ್ಲಿ ಕಾಲಿನ ಸಹಾಯ ಇರಲ್ಲ, ಗೋಕರ್ಣ ಬೀಚಲ್ಲಿ ಸಂಜೆ ವಾಕಿಂಗ್ ಅಂತ ಹೊರಟವ್ರು ಬಿದ್ದೇ ಬೀಳ್ತಾರೆ. ಹಳ್ಳದ ಮೇಲಿನ ಅಡಿಕೆ ಮರದ ಸಂಕ ದಾಟೋಕೆ ಅಕ್ಕಂಗೆ ಏಳು ತಿಂಗಳು ಬೇಕಾಯ್ತು, ಈಗ್ಲೂ ಮಳೆಗಾಲದಲ್ಲಿ ಕೂತ್ಕೊಂಡೇ ದಾಟ್ತಾಳೆ, ನಾವು ನಗಾಡಿದ್ರೆ ಬೈತಾಳೆ. ಮರ ಹತ್ತೋದು, ಬೋಟಿಗೆ ಹೋಗೋದು, ಬಾವಿ ಕಟ್ಟೆ ಹತ್ರ ಬಗ್ಗೋದು, ಬೈಕು, ಇವೆಲ್ಲಾ ಡಾಕ್ಟರ್ ಹೂಂ ಅಂದ್ಮೇಲೆ.

ವಾಸನೆನೇ ಬರ್ತಿಲ್ಲ?

ಮೂಗಿನ ದಾರಿ ಆಪರೇಷನ್ ಆದ್ರೆ ಮೊದಲ ವಾರಗಳಲ್ಲಿ ಹೆಕ್ಕಳೆ ಕಟ್ಟಿ ಹಾಗಾಗತ್ತೆ, ಹೇಳಿದ ದಿನದಿಂದ ಉಪ್ಪುನೀರಲ್ಲಿ ತೊಳೀತಾ ಹೋದ್ರೆ ಬಹಳ ಜನಕ್ಕೆ ವಾಪಸ್ ಬರತ್ತೆ. ಬರೋವರೆಗೆ ಮೀನು ತಾಜಾ ಹೌದಾ ಅಂತ ಬೇರೆಯವ್ರ ಹತ್ರ ಮೂಸಿಸಿ, ಗ್ಯಾಸ್ ಲೀಕ್ ಗೊತ್ತಾಗಲ್ಲ, ರಾತ್ರಿ ರೆಗ್ಯುಲೇಟರ್ ಬಂದ್ ಮಾಡಿ ಮಲಗಿ.

ಎರಡೆರಡು ಕಾಣತ್ತೆ?

ಕಣ್ಣು ಹೊರಗೆ ತಿರುಗಿಸೋ ನರ ತಳದಲ್ಲಿ ಉದ್ದಕ್ಕೆ ಹೋಗತ್ತೆ, ಬೇಗ ಸೋಲತ್ತೆ. ಸದ್ಯಕ್ಕೆ ಒಂದು ಕಣ್ಣಿಗೆ ಪಟ್ಟಿ. ಮೆಳ್ಳೆಗಣ್ಣಿನ ಆಪರೇಷನ್ ಅಂತ ಅವಸರ ಬೇಡ, ತಾನೇ ಸರಿ ಆಗತ್ತಾ ಅಂತ ಆರು ತಿಂಗಳಾದ್ರೂ ಕಾಯ್ತಾರೆ. ಆದ್ರೆ ದೃಷ್ಟಿಯೇ ಮಸುಕಾಗ್ತಾ ಬಂದ್ರೆ ಅದು ಬೇರೆ ವಿಷಯ, ಕೂಡ್ಲೇ ಹೊರಡಿ.

ಗಡ್ಡೆ ಸ್ವಲ್ಪ ಬಿಟ್ಟಿದ್ದಾರಂತೆ. ಡಾಕ್ಟರ್ ಸರಿ ಮಾಡ್ಲಿಲ್ವಾ?

ಹೆಚ್ಚಾಗಿ ಬೇಕಂತಲೇ ಬಿಡೋದು, ನರಕ್ಕೋ ರಕ್ತನಾಳಕ್ಕೋ ಅಂಟಿದ್ದನ್ನ ಕೀಳೋಕೆ ಹೋದ್ರೆ ಮುಖ, ನುಂಗೋದು, ಕೆಲವೊಮ್ಮೆ ಜೀವವೇ ಹೋಗತ್ತೆ ಅಂತ. ನೂರು ವರ್ಷದ ಹಿಂದೆ ಅಮೆರಿಕದ ಹಾರ್ವಿ ಕುಶಿಂಗ್ ಕೂಡ ಕಿವಿ ನರದ ಗಡ್ಡೆಯನ್ನ ಹೊರಗಿನ ಸಿಪ್ಪೆ ಬಿಟ್ಟು ಒಳಗಿನದ್ದು ತೆಗೀತಿದ್ದ, ಹಾಗೆ ಮಾಡಿಯೇ ಸಾಯೋರನ್ನ ಕಮ್ಮಿ ಮಾಡಿದ್ದು, 1917ರಲ್ಲಿ ಅದ್ರ ಬಗ್ಗೆ ಪುಸ್ತಕವನ್ನೇ ಬರೆದ. ಉಳಿದದ್ದನ್ನ ಎಂಆರ್‌ಐ ಮಾಡಿ ನೋಡ್ತಾ ಇರ್ತಾರೆ, ಬೆಳೆದ್ರೆ ಗಾಮಾ ನೈಫ್ ಥರದ ವಿಕಿರಣ, ಹೆಸರಲ್ಲಿ ನೈಫ್ ಇದೆ ಅಷ್ಟೇ, ಕೊಯ್ಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದೆ. ಚೆನ್ನಾಗಿದ್ದೇನೆ ಅಂತ ಎಂಆರ್‌ಐ ತಪ್ಪಿಸೋದೇ ನಮ್ಮವ್ರ ದೊಡ್ಡ ತಪ್ಪು, ಇಂಥಾ ಗಡ್ಡೆ ಸುಮಾರು ವರ್ಷ ಬಿಟ್ಟೂ ಬೆಳೀಬಹುದು.

ರಾತ್ರೋರಾತ್ರಿ ಓಡ್ಬೇಕಾದ್ದು ಯಾವಾಗ, ಎಲ್ಲಿಗೆ?

ಮೇಲೆ ಹೇಳಿದ ಜ್ವರ, ಸೋಡಿಯಂ ಲಕ್ಷಣ ಬಿಟ್ಟು ಇನ್ನೂ ಇವೆ: ಎಬ್ಬಿಸಿದ್ರೂ ಏಳದ ಮಂಪರು, ಬೆಳಿಗ್ಗೆ ಬೆಳಿಗ್ಗೆ ಜಾಸ್ತಿ ಆಗೋ ತಲೆನೋವು ವಾಂತಿ, ಇದು ಒಳಗೆ ನೀರು ಕಟ್ಟಿದ್ದಿರಬಹುದು. ಕೈಕಾಲು ಸೋಲೋದು. ಫಿಟ್ಸ್. ಮೂಗಿಂದ ನಿಲ್ಲದ ರಕ್ತ. ಒಂದು ಮೀನಖಂಡ ಊದಿ ನೋವು, ಇಲ್ಲಾ ಇದ್ದಕ್ಕಿದ್ದ ಹಾಗೆ ಉಸಿರು ಸಿಗದಿರೋದು, ಮಲಗಿ ಮಲಗಿ ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದ್ರೆ ಹೀಗೆ.

108ಕ್ಕೆ ಫೋನ್ ಮಾಡಿ, ಮೊದ್ಲು ಹತ್ತಿರದ ದೊಡ್ಡ ಆಸ್ಪತ್ರೆ, ಕಾರವಾರ ಕಡೆಯವ್ರಿಗೆ ಮೆಡಿಕಲ್ ಕಾಲೇಜು. ಅಲ್ಲಿ ಉಸಿರು ಬಿಪಿ ಹಿಡಿದಿಟ್ಟು, ಸೋಡಿಯಂ, ಸಿಟಿ ಮಾಡಿಸಿ, ಆಪರೇಷನ್ ಮಾಡಿದ ಡಾಕ್ಟರ ಜೊತೆ ಫೋನಲ್ಲಿ ಮಾತಾಡಿಸಿ ಆಮೇಲೆ ಮುಂದೆ. ಸೀದಾ ನಾಲ್ಕು ತಾಸು ಕಾರಲ್ಲಿ ಕೂರಿಸಿ ಓಡೋದು ಫಿಟ್ಸ್ ಬರ್ತಿರೋವ್ರಿಗೆ ಒಳ್ಳೇದಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಊರೂರಲ್ಲಿ ಕೂಗಿದ್ದು ಸುಮ್ನೆ ಅಲ್ಲ. ಮಳೆಗಾಲ ಆದ್ರೆ ರಸ್ತೆಯನ್ನೂ ಕೇಳ್ಕೊಂಡು ಹೊರಡಿ, 2024ರ ಜುಲೈಯಲ್ಲಿ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೈವೇ ದಿನಗಟ್ಲೆ ಬಂದ್ ಆಗಿತ್ತು. ಆಗೋದಾದ್ರೆ ಮೊದಲ ಎರಡು ವಾರ ಆಪರೇಷನ್ ಆದ ಊರಲ್ಲೇ ನೆಂಟರ ಮನೇನೋ ರೂಮೋ ಮಾಡಿ ಇರಿ. ನಾವು ಇರ್ಲಿಲ್ಲ, ಅಡಿಕೆಗೆ ಮದ್ದು ಹೊಡೆಯೋ ಕೆಲ್ಸ ಇತ್ತು.

ಮತ್ತೆ ಅಡ್ಮಿಟ್ ಆದ್ರೆ ದುಡ್ಡು?

ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ವರೆಗೆ, ಎಪಿಎಲ್ ಆದ್ರೆ ಖರ್ಚಿನ ಶೇ. 30, ಮೇಲ್ಮಿತಿ ಒಂದೂವರೆ ಲಕ್ಷ. ಆ ಆಸ್ಪತ್ರೆ ಯೋಜನೇಲಿ ಇದೆಯಾ, ರೆಫರಲ್ ಬೇಕಾ ಅಂತ ಕೌಂಟರಲ್ಲಿ ಆರೋಗ್ಯಮಿತ್ರ ಇರ್ತಾರೆ, ಅಡ್ಮಿಷನ್ ಮೊದ್ಲೇ ಕೇಳಿ, ಬಿಲ್ ಆದ್ಮೇಲೆ ಕೇಳಿ ಪ್ರಯೋಜನ ಇಲ್ಲ.

ಕವಳ (ಎಲೆ ಅಡಿಕೆ) ಹಾಕಬಹುದಾ?

ನಗ್ಬೇಡಿ, ಅತೀ ಹೆಚ್ಚು ಜನ ಕೇಳಿದ ಪ್ರಶ್ನೆ ಇದೇ. ತಂಬಾಕು ಯಾವ ಕಾರಣಕ್ಕೂ ಬೇಡ, ಗಾಯ ಮಾಯೋದೇ ನಿಧಾನ ಆಗತ್ತೆ. ಬರೀ ಎಲೆ ಅಡಿಕೆ ಸುಣ್ಣಕ್ಕೂ ಮುಖ ಸೊಟ್ಟ ಇದ್ರೆ, ಕೆನ್ನೆ ಜೋಮು ಇದ್ರೆ ಸದ್ಯ ತಡೀರಿ, ಒಳಗಿಂದ ಕೆನ್ನೆ ಕಚ್ಕೊಂಡದ್ದೂ ಗೊತ್ತಾಗಲ್ಲ, ಚೂರು ಅಡಿಕೆ ದವಡೆ ಸಂದೀಲಿ ಉಳಿದು ಮಲಗಿದಾಗ ಗಂಟಲಿಗೆ ಇಳಿಯತ್ತೆ. ಅಕ್ಕ ಮೂರು ತಿಂಗಳು ಬಿಟ್ಟಿದ್ಲು. ನಾಲ್ಕನೇ ತಿಂಗಳು ಜಗಲೀಲಿ ಕೂತು ಭಾವನ ಕವಳದ ಬಟ್ಟಲಿಂದ ಅರ್ಧ ಎಲೆ ಹರ್ಕೊಂಡದ್ದು ನೋಡಿದೆ, ಏನೂ ಅನ್ಲಿಲ್ಲ.